ಸೋವಿನ್ಯೋನ್ ಬ್ಲಾಂಕ್‌ಗೆ ಕೊಳೆತ ಮೊಟ್ಟೆಯ ವಾಸನೆ, ಚೆಲ್ಲಿಬಿಡಲೇ?

ದ್ರಾಕ್ಷಿಬಳ್ಳಿ:
ನಮಸ್ಕಾರ. ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಬಿಳಿ ವೈನ್ ಮಾಡೋಣವೆಂದು ಲೋಡೈ ಕಡೆಯ ಒಂದು ತೋಟದಿಂದ ಸೋವಿನ್ಯೋನ್ ಬ್ಲಾಂಕ್ ತಳಿಯ ದ್ರಾಕ್ಷಿ ತಂದು, ಹಿಂಡಿ, 20 ಲೀಟರ್ ರಸಕ್ಕೆ ಅವತ್ತೇ ಯೀಸ್ಟ್ ಹಾಕಿದೆ. ಮೊದಲ ದಿನ 22 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ), ಪಿಎಚ್ 3.4. ಇವತ್ತು ನಾಲ್ಕನೇ ದಿನ, 17 ಬ್ರಿಕ್ಸ್, ರಸದ ಉಷ್ಣತೆ 16 ಡಿಗ್ರಿ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ. ಯೀಸ್ಟ್ ಬಿಟ್ಟು ಬೇರೇನೂ ಹಾಕಿಲ್ಲ. ತಾಮ್ರ ಈ ವಾಸನೆಯನ್ನು ಹೀರುತ್ತದಂತೆ. ಅಮ್ಮ ಕೊಟ್ಟ ತಾಮ್ರದ ಬಿಂದಿಗೆಗೆ ಒಮ್ಮೆ ಸುರಿದು ತೆಗೆಯಲೇ?

ತಿಳಿರಸ:
ಚೆಲ್ಲಬೇಡಿ, ಬಿಂದಿಗೆಗಂತೂ ಸುರಿಯಲೇಬೇಡಿ. ಕಲಾಯಿ ಇಲ್ಲದ ತಾಮ್ರದಲ್ಲಿ ನಮ್ಮ ಮನೆಗಳಲ್ಲಿ ಹುಳಿ ಮಾಡುತ್ತಾರೆಯೇ? ನಿಮ್ಮ ರಸವೂ ಹುಳಿಯೇ. ಎಷ್ಟು ತಾಮ್ರ ಕರಗಿತೆಂದು ಗೊತ್ತಾಗುವುದಿಲ್ಲ. ಅಮೆರಿಕದ ಕಾನೂನು ವೈನಿನಲ್ಲಿ ಉಳಿಯಬಹುದಾದ ತಾಮ್ರಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಮಿತಿ ಇಟ್ಟಿದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಈ ತಳಿಯ ಸೀಬೆ, ಪ್ಯಾಶನ್ ಹಣ್ಣಿನ ಪರಿಮಳ ಬರುವುದೂ ಥಯಾಲ್ ಎಂಬ ಗಂಧಕವಿರುವ ಸಂಯುಕ್ತಗಳಿಂದಲೇ. ತಾಮ್ರ ನಾತವನ್ನು ಹಿಡಿಯುವಾಗ ಅವನ್ನೂ ಹಿಡಿದುಬಿಡುತ್ತದೆ. ನಾತ ಹೋಗುತ್ತದೆ, ಅದರ ಜೊತೆ ವೈನಿನ ಜೀವವೂ.

ನಾತದ ಮೂಲ ಹೆಚ್ಚಾಗಿ ಸಾರಜನಕದ ಕೊರತೆ. ಹಸಿದ ಯೀಸ್ಟ್ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬಿಡುತ್ತದೆ, ಮೊಟ್ಟೆಯ ನಾತ ಅದರದ್ದೇ. ಸಕ್ಕರೆ ಮೂರನೇ ಒಂದು ಭಾಗ ಇಳಿಯುವುದರೊಳಗೆ, ಅಂದರೆ ಸುಮಾರು 15 ಬ್ರಿಕ್ಸ್‌ಗೆ ಮುಂಚೆ ಉಣಿಸಬೇಕು. ನಿಮಗಿನ್ನೂ ಸಮಯವಿದೆ. ಸಾರಜನಕ ಕೊಡುವ ಡಿಎಪಿಯನ್ನು 5 ಗ್ರಾಂ (ವೈನಿಗೆಂದೇ ಮಾರುವಂಥದ್ದು, ಹೊಲದ ಗೊಬ್ಬರವಲ್ಲ) ಸ್ವಲ್ಪ ನೀರಿನಲ್ಲಿ ಕರಗಿಸಿ, ನಿಧಾನವಾಗಿ ಹಾಕಿ ಕಲಕಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಹೊರಗೆ ಬರುತ್ತದೆ.

ತೋಟದವರನ್ನೂ ಒಂದು ಮಾತು ಕೇಳಿ: ಬೂದಿರೋಗಕ್ಕೆ ಗಂಧಕ ಕೊನೆಗೆ ಯಾವಾಗ ಹೊಡೆದರು? ಕೊಯ್ಲಿಗೆ ಹತ್ತಿರ ಹೊಡೆದಿದ್ದರೆ ಅದು ರಸಕ್ಕೆ ಇಳಿದು ಇದೇ ನಾತ ಕೊಡುತ್ತದೆ. ಮುಂದಿನ ಸಲ ರಸವನ್ನು ಒಂದು ರಾತ್ರಿ ತಣ್ಣಗಿಟ್ಟು, ಗಷ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಗೆ ಮಾತ್ರ ಯೀಸ್ಟ್ ಹಾಕಿ.

ದ್ರಾಕ್ಷಿಬಳ್ಳಿ:
ಅವತ್ತೇ ಹಾಕಿದೆ. ಎರಡು ದಿನದಲ್ಲಿ ನಾತ ಅರ್ಧಕ್ಕೆ ಇಳಿಯಿತು. ಇವತ್ತು ಹದಿನೈದನೇ ದಿನ, ಸಿಹಿ ಪೂರ್ತಿ ಹೋಗಿದೆ, ಗುಳ್ಳೆ ನಿಂತಿದೆ. ಲೋಟ ಅಲ್ಲಾಡಿಸಿ ಮೂಸಿದರೆ ಮೊದಲು ಒಂಚೂರು ಮೊಟ್ಟೆ, ಆಮೇಲೆ ಹಸಿ ಹುಲ್ಲು, ಅದರ ಹಿಂದೆ ಸೀಬೆ! ಬಾಯಲ್ಲಿ ನಿಂಬೆಯಂಥ ಚುರುಕು ಹುಳಿ. ಉಳಿದ ವಾಸನೆಗೆ ಗಾಳಿಯಾಡಿಸಲೇ?

ತಿಳಿರಸ:
ಸೀಬೆ ಬಂತಲ್ಲ, ತುಂಬಾ ಖುಷಿಯಾಯಿತು! ಈಗ ಗಾಳಿಯಾಡಿಸಬೇಡಿ. ಹುದುಗುವಾಗ ಸ್ವಲ್ಪ ಗಾಳಿಯನ್ನು ಯೀಸ್ಟ್ ಬಳಸಿಕೊಳ್ಳುತ್ತದೆ. ಹುದುಗು ಮುಗಿದ ಬಿಳಿ ವೈನ್ ಗಾಳಿಗೆ ಕಂದುಬಣ್ಣಕ್ಕೆ ತಿರುಗಿ ಪರಿಮಳ ಕಳೆದುಕೊಳ್ಳುತ್ತದೆ. ದಪ್ಪ ಗಷ್ಟಿನ ಮೇಲೆ ಬಿಟ್ಟರೆ ನಾತ ಮತ್ತೆ ಹುಟ್ಟಬಹುದು. ಆದ್ದರಿಂದ ಈ ವಾರವೇ ಕೊಳವೆಯ ತುದಿಯನ್ನು ಬೇರೆ ಜಾಡಿಯ ತಳಕ್ಕೆ ಮುಟ್ಟಿಸಿ, ಗಷ್ಟು ಬಿಟ್ಟು ಮೇಲಿನ ವೈನನ್ನು ಸದ್ದಾಗದಂತೆ ಅದಕ್ಕೆ ಇಳಿಸಿ. ವೈನ್ ಕೆಡದಂತೆ ಕಾಯುವ ಸಲ್ಫೈಟ್ ಹಾಕಿ, ಜಾಡಿಯನ್ನು ಕತ್ತಿನವರೆಗೆ ತುಂಬಿಸಿ, ತಣ್ಣಗಿಡಿ. ತಿಂಗಳು ಬಿಟ್ಟು ಮೂಸಿ ನೋಡಿ ಇಲ್ಲೇ ಬರೆಯಿರಿ.