ವಿದೇಶದಲ್ಲಿ ಅರ್ಥಶಾಸ್ತ್ರ ಮಾಸ್ಟರ್ಸ್: ಗಣಿತ ಎಷ್ಟು ಬೇಕು, ಐ-20ರಲ್ಲಿ ಏನು ನೋಡಬೇಕು, ಹಣ ಯಾರ ಖಾತೆಯಲ್ಲಿರಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಮೂರು ವರ್ಷದ ಬಿ.ಎ ಅರ್ಥಶಾಸ್ತ್ರ ಮುಗಿಯುತ್ತಾ ಬಂತು, ಅಂಕ ಚೆನ್ನಾಗಿವೆ. ಆದರೆ ಗಣಿತ ಅಂತ ಓದಿದ್ದು ಒಂದೇ ಪೇಪರ್. ಹೊರದೇಶದಲ್ಲಿ ಮಾಸ್ಟರ್ಸ್ ಮಾಡಿ ಮುಂದೆ ಪಿಎಚ್‌ಡಿಗೆ ಹೋಗಬೇಕೆಂದಿದ್ದೇನೆ. ಜಿಆರ್‌ಇ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಗಣಿತದ ಕೊರತೆ ಮುಚ್ಚಿಹೋಗುತ್ತದೆಯೇ?

ಉತ್ತರ: ಮುಚ್ಚಿಹೋಗುವುದಿಲ್ಲ. ಜಿಆರ್‌ಇಯ ಕ್ವಾಂಟ್ ಭಾಗ ಎಂದರೆ 47 ನಿಮಿಷಕ್ಕೆ 27 ಪ್ರಶ್ನೆ, ಎಲ್ಲವೂ ಹೈಸ್ಕೂಲು ಮಟ್ಟದ ಗಣಿತ. ಅದರಲ್ಲಿ ಕ್ಯಾಲ್ಕುಲಸ್ ಇಲ್ಲವೇ ಇಲ್ಲ. 170ಕ್ಕೆ 160ರ ಕೆಳಗೆ ಬಂದರೆ ಅರ್ಜಿಗೆ ಪೆಟ್ಟು ಬೀಳುತ್ತದೆ. 168 ಬಂದರೆ ಪೆಟ್ಟು ಬೀಳುವುದಿಲ್ಲ, ಅಷ್ಟೇ. ಆಯ್ಕೆ ಸಮಿತಿ ನಿಜವಾಗಿ ಹುಡುಕುವುದು ಅಂಕಪಟ್ಟಿಯಲ್ಲಿರುವ ಗಣಿತದ ಪೇಪರ್‌ಗಳನ್ನು.

ಯಾಕೆಂದು ಒಂದು ಉದಾಹರಣೆಯಲ್ಲಿ ನೋಡಿ. ಪದವಿಯಲ್ಲಿ ಯುಟಿಲಿಟಿ ಫಂಕ್ಷನ್ (ಯಾವುದರಿಂದ ಎಷ್ಟು ತೃಪ್ತಿ ಎಂದು ಹೇಳುವ ಸೂತ್ರ) ಕೊಡುತ್ತಾರೆ, ಬೆಲೆ ಮತ್ತು ಆದಾಯ ಕೊಡುತ್ತಾರೆ, ಗ್ರಾಹಕ ಯಾವುದನ್ನು ಎಷ್ಟು ಕೊಳ್ಳುತ್ತಾನೆ ಎಂದು ಕೇಳುತ್ತಾರೆ. ಲಗ್ರಾಂಜಿಯನ್ (ಬಜೆಟ್ ಮಿತಿಯನ್ನೂ ಸೇರಿಸಿದ ಸೂತ್ರ) ಬರೆದು ಅವಕಲನ ಮಾಡಿದರೆ ಉತ್ತರ ಸಿಗುತ್ತದೆ. ಮಾಸ್ಟರ್ಸ್‌ನ ಪ್ರಶ್ನೆ ಬೇರೆ: ಗರಿಷ್ಠ ಬಿಂದು (ಅತಿ ಹೆಚ್ಚು ತೃಪ್ತಿ ಕೊಡುವ ಆಯ್ಕೆ) ಇದ್ದೇ ಇದೆ ಎಂದು ಸಾಧಿಸಿ. ಎಲ್ಲ ಬೆಲೆಗಳೂ ಸೊನ್ನೆಗಿಂತ ಹೆಚ್ಚಿದ್ದರೆ ಬಜೆಟ್ ಗಣಕ್ಕೆ (ಆದಾಯದಲ್ಲಿ ಕೊಳ್ಳಬಹುದಾದ ಎಲ್ಲ ಆಯ್ಕೆಗಳ ಗುಂಪಿಗೆ) ಎಲ್ಲೆ ಇರುತ್ತದೆ, ಅಂಚೂ ಅದರೊಳಗೇ ಸೇರಿರುತ್ತದೆ. ಹಾಗಾಗಿ ಫಂಕ್ಷನ್ ಕಂಟಿನ್ಯುಯಸ್ (ನಡುವೆ ಜಿಗಿತವಿಲ್ಲದ್ದು) ಆಗಿದ್ದರೆ ಗರಿಷ್ಠ ಇದ್ದೇ ಇರುತ್ತದೆ. ಒಂದು ವಸ್ತುವಿನ ಬೆಲೆ ಸೊನ್ನೆಯಾಗಲಿ, ಗಣದ ಎಲ್ಲೆ ಹೋಯಿತು, ಗರಿಷ್ಠವೇ ಇಲ್ಲದಿರಬಹುದು. ಹೀಗೆ ಯೋಚಿಸುವುದನ್ನು ಕಲಿಸುವುದು ರಿಯಲ್ ಅನಾಲಿಸಿಸ್ ಎಂಬ ಗಣಿತದ ಪೇಪರ್. ಮೊದಲ ಸೆಮಿಸ್ಟರಿನಲ್ಲಿ ಚೆನ್ನಾಗಿ ಓದುವವರೂ ಎಡವುವುದು ಇಲ್ಲೇ.

ಮಾಸ್ಟರ್ಸ್‌ಗೆ ಮಲ್ಟಿವೇರಿಯೇಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ-ಸಂಖ್ಯಾಶಾಸ್ತ್ರ, ಒಂದು ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧ ಅಳೆಯುವ ವಿಷಯ) ಪೇಪರ್ ಇರಲಿ. ಪಿಎಚ್‌ಡಿ ಗುರಿಯಾದರೆ ರಿಯಲ್ ಅನಾಲಿಸಿಸ್ ಸೇರಿಸಿ. ಅಂಕ ಅಥವಾ ಗ್ರೇಡ್ ಕೊಡುವ ವಿಶ್ವವಿದ್ಯಾಲಯದ ಕೋರ್ಸನ್ನೇ ತೆಗೆದುಕೊಳ್ಳಿ. ಸುಮ್ಮನೆ ಕೂತು ಕೇಳಿದ ತರಗತಿ ಅರ್ಜಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಯುರೋಪಿಗೆ ಹಾಕುವುದಾದರೆ ಇನ್ನೊಂದು ಕೆಲಸವಿದೆ. ಅಲ್ಲಿ ಅನೇಕ ಕಡೆ, ಮುಖ್ಯವಾಗಿ ಜರ್ಮನಿಯಲ್ಲಿ, ಅರ್ಥಶಾಸ್ತ್ರದಲ್ಲಿ ಇಷ್ಟು, ಗಣಿತ-ಸಂಖ್ಯಾಶಾಸ್ತ್ರದಲ್ಲಿ ಇಷ್ಟು ಎಂದು ಇಸಿಟಿಎಸ್ ಕ್ರೆಡಿಟ್ ಕೇಳುತ್ತಾರೆ (ಯುರೋಪಿನಲ್ಲಿ ಓದನ್ನು ಅಳೆಯುವ ಲೆಕ್ಕ, ಪೂರ್ತಿ ಒಂದು ವರ್ಷದ ಓದಿಗೆ 60). ಪೇಪರಿನ ಹೆಸರು ಮಾತ್ರ ನೋಡಿ ಅವರು ಒಪ್ಪುವುದಿಲ್ಲ. ಪ್ರತಿ ಪೇಪರಿನ ಪಠ್ಯವಿಷಯ, ತರಗತಿಯ ಗಂಟೆ, ಪರೀಕ್ಷೆಯ ಬಗೆ ಬರೆದ ವಿವರಪಟ್ಟಿಗೆ ಕಾಲೇಜು ಬಿಡುವ ಮೊದಲೇ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಅಮೆರಿಕದ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಎಂ.ಎ, ಇನ್ನೊಂದು ಎಂ.ಎಸ್. ಎಂ.ಎಸ್‌ಗೆ ಕೆಲಸದ ಅನುಮತಿ ಹೆಚ್ಚು ವರ್ಷ ಸಿಗುತ್ತದೆ ಎನ್ನುತ್ತಾರೆ, ನಿಜವೇ ಸರ್?

ಉತ್ತರ: ಎಂ.ಎ, ಎಂ.ಎಸ್ ಅನ್ನುವ ಹೆಸರಿನಿಂದ ಏನೂ ತೀರ್ಮಾನವಾಗುವುದಿಲ್ಲ, ಕೋರ್ಸಿನ ವಿಷಯ ಸೂಚಿಸುವ ಸಿಐಪಿ ಕೋಡ್‌ನಿಂದ ಆಗುತ್ತದೆ. 45.0601 ಎಂದರೆ ಸಾಮಾನ್ಯ ಅರ್ಥಶಾಸ್ತ್ರ, ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. 45.0603 ಎಂದರೆ ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್, ಅದು ಪಟ್ಟಿಯಲ್ಲಿದೆ. ಮೊದಲನೆಯದಕ್ಕೆ ಓದಿನ ನಂತರ 12 ತಿಂಗಳ ಒಪಿಟಿ, ಅಂದರೆ ಕೆಲಸದ ಅನುಮತಿ. ಎರಡನೆಯದಕ್ಕೆ ಆ 12ರ ಮೇಲೆ ಇನ್ನೂ 24 ತಿಂಗಳು ಕೇಳಬಹುದು, ಆದರೆ ಕೆಲಸ ಕೊಡುವವರು ಇ-ವೆರಿಫೈ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು, ತರಬೇತಿ ಯೋಜನೆಯ ಐ-983 ನಮೂನೆಗೆ ಸಹಿ ಹಾಕಬೇಕು. ಕೊನೆಯ ಒಂದು ಅಂಕಿಯಿಂದ ಎರಡು ವರ್ಷ ಹೆಚ್ಚು-ಕಡಿಮೆ ಆಗುತ್ತದೆ!

ವೀಸಾಗಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಕೈಗೆ ಬಂದ ಕೂಡಲೇ ಮೊದಲ ಪುಟದಲ್ಲಿ ಕೋರ್ಸಿನ ಹೆಸರಿನ ಪಕ್ಕದ ಅಂಕಿ ಓದಿ. ಶುಲ್ಕ ಕಟ್ಟುವ ಮುಂಚೆಯೇ ವಿಭಾಗಕ್ಕೆ ಇಮೇಲ್ ಬರೆದು ಕೋಡ್ ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು. ಒಪಿಟಿ ಅರ್ಜಿಗೂ ಗಡುವಿದೆ: ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದೊಳಗೆ.

ಪ್ರಶ್ನೆ: ನನ್ನದು ಬ್ರಿಟನ್, ಒಂದು ವರ್ಷದ ಎಂ.ಎಸ್‌ಸಿ. ಹಣ ಸೋದರಮಾವನ ಖಾತೆಯಲ್ಲಿದೆ. ಅವರದೇ ಸ್ಟೇಟ್‌ಮೆಂಟ್ ಕೊಟ್ಟರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಹಣ ನಿಮ್ಮ ಖಾತೆಯಲ್ಲಿರಬೇಕು, ಇಲ್ಲವೇ ತಂದೆತಾಯಿಯ ಅಥವಾ ಕಾನೂನುಬದ್ಧ ಪೋಷಕರ ಖಾತೆಯಲ್ಲಿರಬೇಕು. ತಂದೆತಾಯಿಯದಾದರೆ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಎರಡೂ ಬೇಕು. ಮಾವ ಎಷ್ಟೇ ಹತ್ತಿರದವರಾದರೂ ನಿಯಮದ ಕಣ್ಣಿಗೆ ಪೋಷಕರಲ್ಲ. ಹಣವನ್ನು ಈಗಲೇ ನಿಮ್ಮ ಖಾತೆಗೆ ಹಾಕಿಸಿಕೊಳ್ಳಿ, ಆ ದಿನದಿಂದ ಲೆಕ್ಕ ಶುರು. ಬಾಕಿ ಇರುವ ಶುಲ್ಕ ಮತ್ತು ಒಂಬತ್ತು ತಿಂಗಳ ಜೀವನವೆಚ್ಚ ಸೇರಿಸಿದ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. ಆ 28ನೇ ದಿನ ವೀಸಾ ಅರ್ಜಿಗೆ ಹಿಂದಿನ 31 ದಿನದೊಳಗೆ ಬರಬೇಕು.

ಎಡವಟ್ಟಾಗುವುದು ಚಿಕ್ಕ ವಿಷಯದಲ್ಲಿ. ಹದಿನೈದನೇ ದಿನ ಯಾವುದೋ ಬಿಲ್ಲು ತಾನಾಗಿ ಕಟ್ಟಿಹೋಗಿ, ಮೊತ್ತ ಒಂದೇ ದಿನ ಮಿತಿಯ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ವಿನಿಮಯ ದರ ಏರಿಳಿಯುವುದರಿಂದ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇಡಿ. ಬ್ಯಾಂಕಿನ ಶಿಕ್ಷಣ ಸಾಲವಾದರೆ ಈ 28 ದಿನದ ತಾಪತ್ರಯ ಇಲ್ಲ, ಆರು ತಿಂಗಳಿಗಿಂತ ಹಳೆಯದಲ್ಲದ ಮಂಜೂರಾತಿ ಪತ್ರ ಸಾಕು.

ಮೊದಲು ಕೇಳಿದವರು: ತುಂಬಾ ಉಪಕಾರವಾಯಿತು. ಶಿಫಾರಸು ಪತ್ರ ವಿಭಾಗದ ಮುಖ್ಯಸ್ಥರಿಂದಲೇ ಬೇಕೇ ಮೇಡಂ?

ಉತ್ತರ: ಹುದ್ದೆ ಮುಖ್ಯವಲ್ಲಮ್ಮ, ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿದವರು ಬರೆಯಬೇಕು. ಮುಖ್ಯಸ್ಥರು ‘ಶ್ರದ್ಧಾವಂತ ವಿದ್ಯಾರ್ಥಿನಿ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಪ್ರಾಜೆಕ್ಟಿನಲ್ಲಿ ಪ್ಯಾನೆಲ್ ಡೇಟಾವನ್ನು ತಾನೇ ಶುಚಿಗೊಳಿಸಿ, ಸ್ಟ್ಯಾಂಡರ್ಡ್ ಎರರ್ ತಪ್ಪಾಗಿದ್ದನ್ನು ತಾನೇ ಹಿಡಿದಳು’ ಎಂದು ಕಿರಿಯ ಉಪನ್ಯಾಸಕರು ಬರೆದರೂ ಅದಕ್ಕೆ ತೂಕವಿದೆ. ಸಾಮಾನ್ಯವಾಗಿ ಪಿಎಚ್‌ಡಿಗೆ ಮೂರು ಪತ್ರ, ಮಾಸ್ಟರ್ಸ್‌ಗೆ ಎರಡು ಅಥವಾ ಮೂರು. ಗಡುವಿಗೆ ಎರಡು ತಿಂಗಳು ಮುಂಚೆ ಕೇಳಿ, ಕೇಳುವಾಗಲೇ ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಗಡುವಿನ ದಿನಾಂಕಗಳ ಪಟ್ಟಿ ಕೈಗೆ ಕೊಡಿ. ವಾರ ಮುಂಚೆ ಒಮ್ಮೆ ನೆನಪಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.