ಉತ್ತರ: ಹಳೆಯ ಔಟ್‌ಬೋರ್ಡ್ ಎಂಜಿನ್ನಿನ ‘ಕಂಪ್ರೆಷನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ಕಂಪ್ರೆಷನ್ ಅಳೆಯುವ ಕ್ರಮವನ್ನು ರಿಪೇರಿ ಶೆಡ್ಡಿನ ಫಲಕದಲ್ಲಿ ಬರೆಸಬೇಕು, ಬರೆಯುವವರು ನಾಳೆ ಬೆಳಿಗ್ಗೆಯೇ ಬರುತ್ತಾರೆ ಎಂದಿದ್ದೀರಿ. ಆದ್ದರಿಂದ ತೀರ್ಮಾನವನ್ನೇ ಮೊದಲು ಹೇಳುತ್ತೇನೆ: ‘ಸಿಲಿಂಡರ್ ಕಂಪ್ರೆಷನ್ ಪರೀಕ್ಷೆ’ ಎಂದೇ ಬರೆಸಿ.

‘ಒತ್ತಡ ಪರೀಕ್ಷೆ’ ಖಂಡಿತ ಬೇಡ. ಒತ್ತಡವೆಂದರೆ ಗೇಜಿನ ಮುಳ್ಳು ತೋರಿಸುವ ಅಳತೆ. ಕಂಪ್ರೆಷನ್ ಎಂದರೆ ಎಂಜಿನ್ನಿನೊಳಗಿನ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ಅದುಮುವ ಕ್ರಿಯೆ. ‘ಸಿಲಿಂಡರ್’ ಅನ್ನೂ ಬಿಡಬೇಡಿ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಕಡೆ ಅದುಮುತ್ತದೆ: ಮೊದಲು ತನ್ನ ಕೆಳಗೆ, ಕ್ರ್ಯಾಂಕ್‌ಕೇಸಿನಲ್ಲಿ, ಆಮೇಲೆ ಮೇಲೆ, ಸಿಲಿಂಡರಿನಲ್ಲಿ. ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿಗೆ ಹಾಕಿದ ಗೇಜು ಎರಡನೆಯದನ್ನು ಮಾತ್ರ ಅಳೆಯುತ್ತದೆ.

ನಿಮ್ಮ ಕರಡನ್ನು ಹೀಗೆ ತಿದ್ದಿದ್ದೇನೆ:

“ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ. ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಅವುಗಳ ವೈರುಗಳನ್ನು ಎಂಜಿನ್ನಿನ ಮೈಗೆ ಅರ್ತ್ ಮಾಡಿ. ಥ್ರಾಟಲ್ ಪೂರ್ತಿ ತೆರೆಯಿರಿ. ಗೇಜನ್ನು ತಿರುಗಿಸಿ ಕೂರಿಸಿ, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಕೆಲವು ಹನಿ ಆಯಿಲ್ ಬಿಟ್ಟು ಮತ್ತೆ ಎಳೆಯಿರಿ. ಮುಳ್ಳು ಮೇಲೇರಿದರೆ ರಿಂಗ್ ಸವೆದಿರಬಹುದು. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ.”

ಗೇಜು ಇಷ್ಟೇ ಪೌಂಡ್ ಒತ್ತಡ ತೋರಿಸಬೇಕೆಂಬ ಸಾಲನ್ನು ತೆಗೆದಿದ್ದೇನೆ. ಹಳೆಯ ಎಂಜಿನ್ನುಗಳಲ್ಲಿ ಮಾದರಿಯಿಂದ ಮಾದರಿಗೆ, ಗೇಜಿನಿಂದ ಗೇಜಿಗೆ ಸಂಖ್ಯೆ ಬದಲಾಗುತ್ತದೆ. ಸಿಲಿಂಡರುಗಳು ಒಂದಕ್ಕೊಂದು ಸಮನಾಗಿವೆಯೇ ಎಂಬುದೇ ಮುಖ್ಯ. ಶೇ 10ರ ಆಸುಪಾಸಿನ ವ್ಯತ್ಯಾಸ ನಡೆಯುತ್ತದೆ.

ಇನ್ನು ಕಂಪ್ರೆಷನ್ನಿಗೆ ‘ಸಂಪೀಡನ’ವೇ ಶುದ್ಧ ಪದವೆಂದು ಪಟ್ಟು ಹಿಡಿದಿರುವ ಕೋಲಾರದವರಿಗೆ. ಅದು ಪಠ್ಯಪುಸ್ತಕದ ಪದ, ಅಲ್ಲಿಯೇ ಇರಲಿ. ಪೀಡ್ ಧಾತುವಿಗೆ ಹಿಂಡು, ಅದುಮು ಎಂಬ ಅರ್ಥಗಳು ಸಂಸ್ಕೃತದಲ್ಲಿವೆ, ಒಪ್ಪಿದೆ. ಕನ್ನಡದ ಕಿವಿಗೆ ಕೇಳಿಸುವುದು ಪೀಡೆ ಮಾತ್ರ. ಸಂಸ್ಕೃತದಿಂದ ತಂದರೆ ಮಡಿ, ಇಂಗ್ಲಿಷಿನಿಂದ ತಂದರೆ ಮೈಲಿಗೆ ಎಂಬ ಲೆಕ್ಕ ಭಾಷೆಗೆ ಮಾಡುವ ಅನ್ಯಾಯ. ಚಾವಿ, ಅಲಮಾರು ಪೋರ್ಚುಗೀಸಿನಿಂದ ಬಂದವು, ರಸೀದಿ ಪಾರಸಿಯಿಂದ ಬಂದದ್ದು. ಅವುಗಳ ಜಾತಿಯನ್ನು ಯಾರೂ ಕೇಳುತ್ತಿಲ್ಲ. ಶಿರಾ, ಮಧುಗಿರಿ ಕಡೆ ಡೀಸೆಲ್ ಪಂಪ್‌ಸೆಟ್ ಕಂಡವರು ‘ಕಂಪ್ರೆಷನ್ ಇಳಿದಿದೆ, ರಿಂಗ್ ಹಾಕಿಸಬೇಕು’ ಎನ್ನುತ್ತಾರೆ. ಇಳಿಯುವುದೂ ಹಾಕಿಸುವುದೂ ಅಪ್ಪಟ ಕನ್ನಡ; ವಾಕ್ಯದ ಬೆನ್ನೆಲುಬು ಅಲ್ಲಿದೆ.

‘ಅದುಮಿಕೆ’ ಎಂದವರೊಡನೆ ನನಗೆ ಜಗಳವಿಲ್ಲ. ವಿವರಣೆಯಲ್ಲಿ ಆ ಧಾತು ಚೆನ್ನಾಗಿ ಕೂರುತ್ತದೆ, ಮೇಲೆ ನಾನೂ ಬಳಸಿದ್ದೇನೆ. ಆದರೆ ಹಗ್ಗ ಹಿಡಿದು ನಿಂತ ಮೆಕ್ಯಾನಿಕ್ ಇನ್ನೊಬ್ಬರನ್ನು ಕೇಳಿ ತಿಳಿಯಬೇಕಾದ ಪದ ಫಲಕಕ್ಕೆ ಸಲ್ಲದು. ಔಟ್‌ಬೋರ್ಡ್ ಎಂಜಿನ್ನಿಗೆ ‘ಹೊರಗಟ್ಟು ಯಂತ್ರ’ ಎನ್ನುವ ಬಗ್ಗೆ ಚರ್ಚೆಯೇ ಬೇಡ.

ಕಾಗುಣಿತದ ವಿಷಯ: ಕರಡಿನಲ್ಲಿ ಒಂದು ಕಡೆ ‘ಕಂಪ್ರೆಶನ್’, ಇನ್ನೊಂದು ಕಡೆ ‘ಕಂಪ್ರೆಷನ್’ ಇದೆ. ಬಣ್ಣ ಹಚ್ಚುವ ಮೊದಲು ಎಲ್ಲ ಕಡೆ ‘ಷ’ ಮಾಡಿಸಿ.