ನುಗ್ಗೆಸೊಪ್ಪಿನ ಮಾತ್ರೆಗೆ ಎಂಸಿಸಿ ಸಾಕಾ, ಗಂಜಿ ಹಾಕಬೇಕಾ? ಅನುಭವ ಇರುವವರು ಹೇಳಿ

ತಿಪಟೂರು ಹುಡುಗ: 500 ಮಿಲಿಗ್ರಾಂ ಮಾತ್ರೆ. ಸೊಪ್ಪಿನ ಪುಡಿ 350, ಉಳಿದದ್ದು ಹೆಚ್ಚೂಕಮ್ಮಿ ಪೂರ್ತಿ ಎಂಸಿಸಿ, ಅಂದ್ರೆ ಮಾತ್ರೆಯನ್ನು ಹಿಡಿದಿಡುವ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಪುಡಿ, 102 ಗ್ರೇಡ್. ನೇರವಾಗಿ ಒತ್ತಿದರೆ ಕ್ಯಾಪಿಂಗ್ ಆಗಿ ಮೇಲಿನ ಟೊಪ್ಪಿ ಕಳಚಿ ಬರುತ್ತಿದೆ. ಎಂಸಿಸಿ ಜಾಸ್ತಿ ಮಾಡಲೋ, ಗಂಜಿ ಕಲಸಿ ಹರಳು ಮಾಡಿ ಒಣಗಿಸುವ ಗ್ರ್ಯಾನ್ಯುಲೇಷನ್‌ಗೆ ಹೋಗಲೋ? ಡ್ರೈಯರ್ ಇಲ್ಲ. ಕೈಲಿರೋದು ಒಂದೂವರೆ ಲಕ್ಷ.

ಪೀಣ್ಯ ಪ್ರೆಸ್: ನನ್ನ ಕಥೆ ಕೇಳಿ. ನಂದು ಅಶ್ವಗಂಧ. ಕೆಜಿಗೆ 310ರಂತೆ 25 ಕೆಜಿಯ ಎಂಟು ಚೀಲ ಎಂಸಿಸಿ ತಂದೆ. 62,000 ರೂಪಾಯಿ, ಜಿಎಸ್‌ಟಿ ಬೇರೆ, ಆಟೋ ಬಾಡಿಗೆ 900. ಮೊದಲ ದಿನ ಮಾತ್ರೆ ಬೆರಳಲ್ಲಿ ಒತ್ತಿದರೆ ಪುಡಿ! ಮಾಲೇ ಸರಿಯಿಲ್ಲ ಅಂತ ಕೊಟ್ಟವರ ಜತೆ ಜಗಳ ಆಡಿದೆ. ತಪ್ಪು ನಮ್ಮದೇ. ಪುಡಿ ಅಚ್ಚಿಗೆ ಅಂಟದಂತೆ ಜಾರಿಸುವ ಮೆಗ್ನೀಸಿಯಂ ಸ್ಟಿಯರೇಟ್ ಹಾಕಿದ ಮೇಲೆ ನಮ್ಮ ಹುಡುಗ ಬ್ಲೆಂಡರನ್ನು 25 ನಿಮಿಷ ತಿರುಗಿಸಿದ್ದ. ಎಂಸಿಸಿ ಒತ್ತಡಕ್ಕೆ ಒಡೆಯಲ್ಲ, ಚಪ್ಪಟೆಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಮೇಲೆ ಸ್ಟಿಯರೇಟ್ ಸವರಿಕೊಂಡರೆ ಕಚ್ಚೋದೆಲ್ಲಿಂದ? ಈಗ ಮೂರೇ ನಿಮಿಷ. ಮಾತ್ರೆ ಕಲ್ಲಿನ ಹಾಗಿದೆ. ಆದರೆ ಆ ಆರು ವಾರ ನಾನು ನಿದ್ದೆ ಮಾಡಿಲ್ಲ.

ಹುಬ್ಬಳ್ಳಿ ಗಂಜಿ: ಅಷ್ಟು ದುಡ್ಡು ಯಾಕೆ ಸುರೀಬೇಕಿತ್ತು ಸರ್? ನಾನು ಮೆಕ್ಕೆಜೋಳದ ಸ್ಟಾರ್ಚ್ ಗಂಜಿ ಕಾಸಿ ಕಲಸುತ್ತೇನೆ. ಹಳೆಯ ಟ್ರೇ ಡ್ರೈಯರ್ 85,000ಕ್ಕೆ ಸಿಕ್ಕಿತು. ಹೀಟರ್ ಎರಡು ಸಲ ಸುಟ್ಟಿತು, 4,200 ಮತ್ತು 4,600. ಬ್ಯಾಚಿಗೆ ಆರು ತಾಸು. ನಾಲ್ಕು ವರ್ಷದಲ್ಲಿ ಒಂದೇ ಒಂದು ಟೊಪ್ಪಿ ಕಳಚಿಲ್ಲ. ಸೊಪ್ಪು ಅಂತ ಹೇಳಿ ಗಿರಾಕಿಗೆ ಮರದ ಪುಡಿ ತಿನ್ನಿಸೋದು ನನಗೆ ಒಪ್ಪಿಗೆಯಿಲ್ಲ.

ಮೈಸೂರು ಸ್ಕ್ರಬ್: ಮರದ ಪುಡಿ ಅನ್ನಬೇಡಿ! ಗರಗಸದ ಹೊಟ್ಟು ಅಲ್ಲ ಅದು. ಮರದ ಅಥವಾ ಹತ್ತಿಯ ತಿರುಳನ್ನು ಆಮ್ಲದಲ್ಲಿ ಬೇಯಿಸಿ, ಸಡಿಲ ಭಾಗ ಕರಗಿಸಿ, ತೊಳೆದು, ಒಣಗಿಸಿದ್ದು. 1955ರಲ್ಲಿ ಅಮೆರಿಕನ್ ವಿಸ್ಕೋಸ್ ಕಂಪನಿಯಲ್ಲಿ ಬಟಿಸ್ಟಾ ಅವರು ಕಂಡುಹಿಡಿದದ್ದು. ನಿಮ್ಮ ನುಗ್ಗೆಸೊಪ್ಪಿನ ನಾರಲ್ಲೂ ಸೆಲ್ಯುಲೋಸೇ ಇರೋದು ಅಲ್ವಾ? ಐಸ್‌ಕ್ರೀಮ್ ಡಬ್ಬಿ ತಿರುಗಿಸಿ ನೋಡಿ, ಎಷ್ಟೋ ಕಡೆ 460 ಅಂತ ಇರುತ್ತದೆ, ಸೆಲ್ಯುಲೋಸಿನ ಸಂಖ್ಯೆ ಅದು. ತೊಳೆಯುವ ಸ್ಕ್ರಬ್‌ಗಳಲ್ಲಿ ಪ್ಲಾಸ್ಟಿಕ್ ಮಣಿ ಬೇಡ ಅಂತ ಅಮೆರಿಕ 2015ರಲ್ಲೇ ಕಾನೂನು ಮಾಡಿತು. ನಾನೂ ಬಿಟ್ಟೆ, ಫೇಸ್‌ವಾಶಿಗೆ ಎಂಸಿಸಿ ಹಾಕಿದೆ. ನನಗೂ ಪೆಟ್ಟು ಬಿದ್ದಿದೆ. ಮಾತ್ರೆಯ ಗ್ರೇಡೇ ತಂದಿದ್ದೆ, 300 ಬಾಟಲಿಯಲ್ಲಿ ತಳ ಹಿಡಿಯಿತು. ಬಾಟಲಿ, ಲೇಬಲ್, ಸುಗಂಧ ಎಲ್ಲಾ ಸೇರಿ 19,500 ಹೋಯಿತು. ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಬೆರೆಸಿದ, ತಳ ಹಿಡಿಯದೆ ತೇಲುವ ಕೊಲಾಯ್ಡಲ್ ಗ್ರೇಡ್ ಬೇಕಿತ್ತು. ಆದರೂ ಪ್ಲಾಸ್ಟಿಕ್ಕಿಗೆ ವಾಪಸ್ ಹೋಗಲಿಲ್ಲ.

ಹುಬ್ಬಳ್ಳಿ ಗಂಜಿ: ಮೇಡಂ, ಮುಖ ತೊಳೆಯೋದು ಬೇರೆ, ನುಂಗೋದು ಬೇರೆ.

ಮೈಸೂರು ಸ್ಕ್ರಬ್: ನುಂಗುವುದನ್ನೂ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಮತ್ತೆ ಪರಿಶೀಲಿಸಿದೆ. ದಿನಕ್ಕೆ ಇಷ್ಟೇ ಅಂತ ಮಿತಿ ಹಾಕುವ ಅಗತ್ಯವಿಲ್ಲ ಎಂದಿದೆ. ಓದಿ ಮಾತಾಡಿ.

ಪೀಣ್ಯ ಪ್ರೆಸ್: ಗಂಜಿ ಸರ್, ಆರು ತಾಸು ಕಾಯಿಸಿದರೆ ಸೊಪ್ಪಿನ ಹಸಿರು ಉಳಿಯುತ್ತದಾ? ನಿಮ್ಮ ಊರಿನ ಕಡೆಯ ಮಾತ್ರೆ ನೋಡಿದ್ದೇನೆ. ಕಾಫಿ ಬಣ್ಣ.

ಹುಬ್ಬಳ್ಳಿ ಗಂಜಿ: ಅದು ನನ್ನ ಮಾಲಲ್ಲ! ನಾನು 50 ಡಿಗ್ರಿ ದಾಟಿಸಲ್ಲ. ನೋಡದೇ ಹೆಸರು ಕೆಡಿಸಬೇಡಿ. ನಿಮ್ಮ ಹುಡುಗ ಬ್ಲೆಂಡರ್ ಮರೆತದ್ದಕ್ಕೆ ನನ್ನ ಡ್ರೈಯರ್ ಮೇಲೆ ಯಾಕೆ ಸಿಟ್ಟು?

ತಿಪಟೂರು ಹುಡುಗ: ಸರ್, ಸ್ಟಿಯರೇಟ್ ನಾನು ಎರಡೇ ನಿಮಿಷ ತಿರುಗಿಸೋದು. ಆದರೂ ಟೊಪ್ಪಿ ಬರ್ತಿದೆ. ಪ್ರೆಸ್ಸಿನ ವೇಗ ಇಳಿಸಿ ನೋಡಿದವರು ಯಾರಾದರೂ ಇದ್ದೀರಾ?

ಪೀಣ್ಯ ಪ್ರೆಸ್: ನಾನು ಅವರ ಹೆಸರೇ ಎತ್ತಿಲ್ಲ. ಊರು ಅಂದೆ ಅಷ್ಟೆ.